ಲ್ಯಾವೆನಮ್: ನೀಲಿ ಬಟ್ಟೆ ಕಟ್ಟಿದ ಸಂತೆಯೂರು

ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಕೌಂಟಿಯಲ್ಲಿ, ಬೆರಿ ಸೇಂಟ್ ಎಡ್ಮಂಡ್ಸ್ ಪಟ್ಟಣಕ್ಕೆ ಆಗ್ನೇಯದಲ್ಲಿ, ಸುಮಾರು 17 ಕಿಲೋಮೀಟರ್ ದೂರದಲ್ಲಿರುವ ಲ್ಯಾವೆನಮ್ ಇಂದು ಎರಡು ಸಾವಿರ ಜನರೂ ಇಲ್ಲದ ಒಂದು ಹಳ್ಳಿ. ಆದರೆ 1524ರಲ್ಲಿ ಎಂಟನೆಯ ಹೆನ್ರಿಯ ಸರ್ಕಾರ ವಸೂಲು ಮಾಡಿದ ತೆರಿಗೆಯ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಇತಿಹಾಸಕಾರರು ಆ ದೇಶದ ಊರುಗಳನ್ನು ಸಿರಿತನದ ಕ್ರಮದಲ್ಲಿ ಜೋಡಿಸಿದಾಗ ಇದಕ್ಕೆ ಹದಿನಾಲ್ಕನೆಯ ಸ್ಥಾನ ದೊರೆಯಿತು; ಕೋಟೆಕೊತ್ತಲಗಳೂ ಬಿಷಪ್ಪರ ಪೀಠಗಳೂ ಇದ್ದ ಹಲವು ನಗರಗಳು ಆ ಪಟ್ಟಿಯಲ್ಲಿ ಇದಕ್ಕಿಂತ ಕೆಳಗಿದ್ದವು. ಊರಿನಲ್ಲಿ ಇಂದಿಗೂ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿದ್ದು, ಅವುಗಳಲ್ಲಿ ಬಹುಪಾಲು ಆ ಸಿರಿಯ ಕಾಲದ ಮರದ ಚೌಕಟ್ಟಿನ ಮನೆಗಳೇ ಆಗಿವೆ. ನೋಡಬಂದವರು ಅವುಗಳ ಅಂದವನ್ನು ಕಂಡು ಇಲ್ಲಿಯ ಬಾಳು ನೂರಾರು ವರ್ಷ ಒಂದೇ ಹದದಲ್ಲಿ ನಡೆದುಬಂದಿರಬೇಕೆಂದು ಭಾವಿಸುವುದುಂಟು. ನಡೆದದ್ದು ಬೇರೆ. ಆ ಮನೆಗಳನ್ನು ಕಟ್ಟಿಸಿದ್ದು ಒಂದು ನೂರೈವತ್ತು ವರ್ಷಗಳ ವ್ಯಾಪಾರ. ಅವು ಕೆಡವಿಸಿಕೊಳ್ಳದೆ ಉಳಿದದ್ದು ಆ ವ್ಯಾಪಾರ ಮುರಿದುಬಿದ್ದ ಮೇಲಿನ ಮುನ್ನೂರು ವರ್ಷಗಳ ಬಡತನದಿಂದ.

ಊರಿನ ಹೆಸರು ಬಟ್ಟೆಯ ಕಾಲಕ್ಕಿಂತ ಬಹಳ ಹಿಂದಿನದು. 'ಹ್ಯಾಮ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಮನೆ, ನೆಲೆ. ಲಾಫಾ ಎಂಬ ಆಂಗ್ಲೋ-ಸ್ಯಾಕ್ಸನ್ ಒಡೆಯನೊಬ್ಬನ ನೆಲೆಯೇ ಲ್ಯಾವೆನಮ್ ಆಯಿತೆಂದು ಸ್ಥಳನಾಮ ವಿದ್ವಾಂಸರು ಹೇಳುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, 1086ರಲ್ಲಿ ಅವರ ದೊರೆ ಮಾಡಿಸಿದ ಭೂಮಿಯ ಜಮಾಬಂದಿಯಾದ ಡೂಮ್ಸ್‌ಡೇ ಪುಸ್ತಕದಲ್ಲಿ ಈ ಊರು ಆಬ್ರಿ ಡಿ ವಿಯರ್ ಎಂಬ ನಾರ್ಮನ್ ಸರದಾರನ ಸ್ವಾಧೀನದಲ್ಲಿದೆ. ಮುಂದೆ ಆಕ್ಸ್‌ಫರ್ಡಿನ ಅರ್ಲ್ ಎಂಬ ಪದವಿಗೇರಿದ ಅದೇ ಮನೆತನ ಶತಮಾನಗಳವರೆಗೆ ಊರಿನ ಒಡೆತನವನ್ನು ಉಳಿಸಿಕೊಂಡಿತು. ಒಡೆತನದ ಈ ಘಟಕಕ್ಕೆ ಮ್ಯಾನರ್ ಎಂದು ಹೆಸರು. ಜಹಗೀರಿನಂತೆ ಇಲ್ಲಿಯೂ ಭೂಮಿಯ ಹುಟ್ಟುವಳಿಯ ಜೊತೆಗೆ ಊರಿನ ಮೇಲಿನ ಹಕ್ಕುಗಳು, ಚಿಕ್ಕಪುಟ್ಟ ನ್ಯಾಯ ತೀರ್ಮಾನದ ಅಧಿಕಾರ, ಗಿರಣಿಯ ಪಾಲು ಎಲ್ಲವೂ ಒಡೆಯನಿಗೇ ಸಲ್ಲುತ್ತಿದ್ದವು.

ಆ ಹಕ್ಕುಗಳಲ್ಲಿ ಅತ್ಯಂತ ಲಾಭದ್ದು ಸಂತೆಯ ಹಕ್ಕು. ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಸಂತೆ ಸೇರಿಸುವಂತಿರಲಿಲ್ಲ. ಅದಕ್ಕೆ ದೊರೆಯ ಸನದು ಬೇಕಾಗಿತ್ತು, ಸನದು ಪಡೆದ ಒಡೆಯನು ಅಂಗಡಿ ಹಾಕಿದವರಿಂದ ನೆಲಬಾಡಿಗೆಯನ್ನೂ ಮಾರಿದ ಸರಕಿನ ಮೇಲೆ ಸುಂಕವನ್ನೂ ಎತ್ತಬಹುದಾಗಿತ್ತು. ಲ್ಯಾವೆನಮ್ಮಿಗೆ ಅಂಥ ಸನದು ಮೂರನೆಯ ಹೆನ್ರಿಯಿಂದ 1257ರಲ್ಲಿ ದೊರೆತು, ವಾರಕ್ಕೊಮ್ಮೆ, ಮಂಗಳವಾರ, ಸಂತೆ ಕೂಡತೊಡಗಿತು. ಹೊಸ ಸಂತೆ ಹಳೆಯ ಸಂತೆಯ ಹೊಟ್ಟೆಗೆ ಹೊಡೆಯಬಾರದೆಂಬ ಎಚ್ಚರಿಕೆ ಆ ಕಾಲದ ಕಾನೂನಿನಲ್ಲಿತ್ತು. ಬ್ರಾಕ್ಟನ್ ಎಂಬ ನ್ಯಾಯಶಾಸ್ತ್ರಜ್ಞನ ಹೆಸರಿನಲ್ಲಿ ಬಂದಿರುವ ಗ್ರಂಥದ ಪ್ರಕಾರ ಎರಡು ಸಂತೆಗಳ ನಡುವೆ ಕನಿಷ್ಠ ಆರೂ ಮೂರನೇ ಎರಡು ಮೈಲಿ ಅಂತರವಿರಬೇಕು. ಈ ವಿಚಿತ್ರ ಅಳತೆಯ ಹಿಂದೆ ನಡೆಯುವ ಕಾಲುಗಳ ಲೆಕ್ಕವಿದೆ: ಮನುಷ್ಯನೊಬ್ಬ ದಿನಕ್ಕೆ ಇಪ್ಪತ್ತು ಮೈಲಿ ನಡೆಯಬಲ್ಲನೆಂದು ಇಟ್ಟುಕೊಂಡು, ಅದನ್ನು ಮೂರು ಪಾಲು ಮಾಡಿ, ಬೆಳಗಿನ ಪಾಲನ್ನು ಸಂತೆಗೆ ಹೋಗುವುದಕ್ಕೆ, ನಡುಹಗಲಿನ ಪಾಲನ್ನು ಕೊಳ್ಳುವ ಮಾರುವ ಕೆಲಸಕ್ಕೆ, ಉಳಿದ ಪಾಲನ್ನು ಕತ್ತಲಾಗುವ ಮುನ್ನ ಮನೆ ಸೇರುವುದಕ್ಕೆ ಮೀಸಲಿಟ್ಟಿದ್ದರು. ಇನ್ನು ಸಂತೆ ಜಾತ್ರೆಗಳಲ್ಲಿ ತೂಕದ ಮೋಸ, ಸಾಲದ ತಕರಾರು, ಕೈಕೈ ಮಿಲಾಯಿಸಿದ ಜಗಳ ಇವುಗಳನ್ನು ನಿಂತ ನೆಲದಲ್ಲೇ ವಿಚಾರಿಸುವ ನ್ಯಾಯಾಲಯವೊಂದು ಇಂಗ್ಲೆಂಡಿನ ವಾಡಿಕೆಯಲ್ಲಿತ್ತು. ಅದರ ಹೆಸರು ಪೈಪೌಡರ್, ಅಂದರೆ ಫ್ರೆಂಚ್ ಮೂಲದಲ್ಲಿ 'ಧೂಳುಗಾಲಿನವರು'. ದೂರದ ದಾರಿ ತುಳಿದು ಬಂದು ನಾಳೆ ಇನ್ನೊಂದು ಊರಿಗೆ ಹೊರಡಬೇಕಾದ ವ್ಯಾಪಾರಿ ತಿಂಗಳುಗಟ್ಟಲೆ ತೀರ್ಪಿಗಾಗಿ ಕಾಯಲಾರನೆಂಬ ತಿಳಿವಳಿಕೆಯೇ ಆ ಹೆಸರಿನಲ್ಲಿ ಅಡಗಿದೆ.

ಸಂತೆಯ ಬಯಲು ಊರಿನ ನಡುವಿನ ಏರಿನ ಮೇಲಿದೆ. ಅಲ್ಲಿಂದ ಕಿರುದಾರಿಗಳು ಇಳಿಜಾರಿನಲ್ಲಿ ಕೆಳಗಿನ ಬೀದಿಗಳಿಗೆ ಇಳಿಯುತ್ತವೆ. ಬಯಲಿನ ನಡುವಿನ ಕಲ್ಲಿನ ಶಿಲುಬೆ ಹದಿನಾರನೆಯ ಶತಮಾನದ ಆರಂಭದ್ದು. ಸಂತೆಯ ನಡುವೆ ಶಿಲುಬೆ ನಿಲ್ಲಿಸುವುದು ಆ ದೇಶದ ಎಲ್ಲ ಕಡೆಯ ಪದ್ಧತಿಯಾಗಿದ್ದು, ಅದರ ಎದುರಿನಲ್ಲಿ ಆಡಿದ ವ್ಯಾಪಾರದ ಮಾತಿಗೆ ಆಣೆಯ ಬಲ ಬರುತ್ತಿತ್ತು. ಬೆಣ್ಣೆ, ಮೊಟ್ಟೆ, ಕಾಳು, ಕೋಳಿಗಳ ಈ ಸಂತೆ ಸಫೋಕಿನ ಹತ್ತಾರು ಸಂತೆಗಳಂತೆಯೇ ಇದ್ದಿರಬೇಕು. ಅಷ್ಟರಿಂದಲೇ ಯಾವ ಊರೂ ದೇಶಕ್ಕೆ ಹದಿನಾಲ್ಕನೆಯದಾಗುವುದಿಲ್ಲ. ಲ್ಯಾವೆನಮ್ಮಿಗೆ ಹೆಸರು ತಂದ ಸರಕು ಸಂತೆಯ ಬಯಲಿಗೆ ಬಂದದ್ದಕ್ಕಿಂತ ಹೆಚ್ಚಾಗಿ ಬೀದಿಗಳ ಹಿತ್ತಿಲುಗಳಲ್ಲಿ ತಯಾರಾಗಿ ನೇರವಾಗಿ ಲಂಡನ್ನಿನ ಬ್ಲ್ಯಾಕ್‌ವೆಲ್ ಹಾಲ್ ಎಂಬ ಬಟ್ಟೆಪೇಟೆಗೂ ಇಪ್ಸ್‌ವಿಚ್ ಬಂದರಿಗೂ ಗಾಡಿಗಳಲ್ಲಿ ಹೋಗುತ್ತಿತ್ತು.

ಆ ಸರಕಿನ ಹುಟ್ಟಿಗೆ ರಾಜಕಾರಣವೂ ಕಾರಣ. ಹದಿಮೂರನೆಯ ಶತಮಾನದಲ್ಲಿ ಇಂಗ್ಲೆಂಡ್ ಪ್ರಸಿದ್ಧವಾಗಿದ್ದದ್ದು ಉಣ್ಣೆಗೆ. ಆ ಉಣ್ಣೆಯಿಂದ ಒಳ್ಳೆಯ ಬಟ್ಟೆ ನೇಯುತ್ತಿದ್ದವರು ಸಮುದ್ರದಾಚೆಯ ಫ್ಲಾಂಡರ್ಸಿನವರು. ಫ್ರಾನ್ಸಿನೊಡನೆ ನೂರು ವರ್ಷಗಳ ಯುದ್ಧಕ್ಕೆ ಹಣ ಬೇಕಾದ ದೊರೆಗಳು ಉಣ್ಣೆಯ ರಫ್ತಿನ ಮೇಲೆ ಅದರ ಬೆಲೆಯ ಸುಮಾರು ಮೂರನೆಯ ಒಂದು ಪಾಲಿನಷ್ಟು ಸುಂಕ ಹೇರಿದರು, ನೇಯ್ದ ಬಟ್ಟೆಯ ಮೇಲಿನ ಸುಂಕವಾದರೋ ನೂರಕ್ಕೆ ಎರಡು ಮೂರರ ಆಸುಪಾಸಿನಲ್ಲೇ ನಿಂತಿತು. ಹೀಗೆ ಖಜಾನೆ ತುಂಬಿಸಲು ಮಾಡಿದ ಏರ್ಪಾಡು ದೇಶದ ಮಗ್ಗಗಳಿಗೆ ಬೇಲಿಯಾಗಿ ನಿಂತು, ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಿಂದ ನೇಯ್ಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಬ್ಬಿತು. ಪಟ್ಟಣಗಳ ಬಿಗಿಯಾದ ಕಸುಬುದಾರ ಸಂಘಗಳ ಕಟ್ಟುಪಾಡು ಇಲ್ಲದ, ಕೂಲಿ ಅಗ್ಗವಾದ, ಬಂದರಿಗೆ ಹತ್ತಿರವಾದ ದಕ್ಷಿಣ ಸಫೋಕ್ ಅದಕ್ಕೆ ಹೇಳಿಮಾಡಿಸಿದ ಜಾಗವಾಗಿತ್ತು.

ಇಲ್ಲಿ ನೇಯುತ್ತಿದ್ದದ್ದು ಬ್ರಾಡ್‌ಕ್ಲಾತ್, ಅಂದರೆ ಅಗಲಪನ್ನದ ದಪ್ಪ ಉಣ್ಣೆಬಟ್ಟೆ. ಕಾನೂನು ನಿಗದಿಪಡಿಸಿದ ಅಳತೆಯಲ್ಲಿ ಇಡೀ ತಾನು ಸುಮಾರು 24 ಗಜ ಉದ್ದ, ಒಂದೂಮುಕ್ಕಾಲು ಗಜ ಅಗಲ ಇರುತ್ತಿತ್ತು. ಅಷ್ಟು ಅಗಲದ ಹಾಸಿನಲ್ಲಿ ಒಬ್ಬನೇ ಲಾಳಿಯನ್ನು ಈ ಅಂಚಿನಿಂದ ಆ ಅಂಚಿಗೆ ತಲುಪಿಸಲಾರದ್ದರಿಂದ ಇಬ್ಬರು ನೇಕಾರರು ಒಂದೇ ಮಗ್ಗದ ಮುಂದೆ ಪಕ್ಕಪಕ್ಕ ಕುಳಿತು, ಒಬ್ಬ ಎಸೆದದ್ದನ್ನು ಇನ್ನೊಬ್ಬ ಹಿಡಿದು ಹೊಕ್ಕು ತುಂಬುತ್ತಿದ್ದರು. ಮಗ್ಗದಿಂದ ಇಳಿದ ಬಟ್ಟೆ ಸಡಿಲವಾಗಿ, ಜಾಳುಜಾಳಾಗಿ, ಎಣ್ಣೆಯ ಜಿಡ್ಡಿನಿಂದ ಕೂಡಿರುತ್ತಿತ್ತು. ಅದನ್ನು ನೀರಿನಲ್ಲಿ ನೆನೆಸಿ, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು ಸವರಿ, ನೀರಿನ ಚಕ್ರ ತಿರುಗಿಸುವ ಮರದ ಒನಕೆಗಳ ಕೆಳಗೆ ಗಂಟೆಗಟ್ಟಲೆ ಕುಟ್ಟಿದಾಗ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು, ಬಟ್ಟೆ ಕುಗ್ಗಿ, ಕಂಬಳಿಯಂತೆ ಒತ್ತಾಗುತ್ತಿತ್ತು. ಫುಲ್ಲಿಂಗ್ ಎಂದು ಕರೆಯುವ ಈ ಕುಟ್ಟುವಿಕೆಯಿಂದಲೇ ಆ ಬಟ್ಟೆಗೆ ಮಳೆ ಗಾಳಿ ತಡೆಯುವ ಗುಣ ಬರುತ್ತಿತ್ತು. ಆಮೇಲೆ ಅದನ್ನು ಬಯಲಿನಲ್ಲಿ ನಿಲ್ಲಿಸಿದ ಮರದ ಚೌಕಟ್ಟುಗಳ ಕೊಕ್ಕೆಗಳಿಗೆ ಎಳೆದು ಬಿಗಿದು ಒಣಗಿಸಿ, ಟೀಸೆಲ್ ಎಂಬ ಗಿಡದ ಒಣಗಿದ ಮುಳ್ಳುತೆನೆಗಳಿಂದ ಉಜ್ಜಿ ಮೇಲಿನ ನವಿರು ಎಬ್ಬಿಸಿ, ಮಾರುದ್ದದ ಭಾರವಾದ ಕತ್ತರಿಯಿಂದ ಆ ನವಿರನ್ನು ಒಂದೇ ಸಮಕ್ಕೆ ಕತ್ತರಿಸುತ್ತಿದ್ದರು. ಕೊನೆಗೆ ಆಲ್ನೆಜರ್ ಎಂಬ ಸರ್ಕಾರಿ ಪರೀಕ್ಷಕನು ಉದ್ದಗಲ ಅಳೆದು, ಸುಂಕ ಪಡೆದು, ಸೀಸದ ಮುದ್ರೆ ಒತ್ತಿದ ಮೇಲೆಯೇ ತಾನು ಮಾರಾಟಕ್ಕೆ ಅರ್ಹವಾಗುತ್ತಿತ್ತು.

ಇಷ್ಟು ಕೆಲಸ ಬಟ್ಟೆ ನೇಯುವ ಎಲ್ಲ ಊರುಗಳಲ್ಲೂ ಇತ್ತು. ಲ್ಯಾವೆನಮ್ಮಿನ ಹೆಸರು ನಿಂತದ್ದು ಅದರ ನೀಲಿಯ ಮೇಲೆ, ಮತ್ತು ಆ ನೀಲಿಯನ್ನು ಬಟ್ಟೆಗೆ ಹಾಕದೆ ನೂಲುವ ಮೊದಲೇ ಉಣ್ಣೆಗೆ ಹಾಕುತ್ತಿದ್ದ ಪದ್ಧತಿಯ ಮೇಲೆ. ಹಾಗೆ ಬಣ್ಣ ಕುಡಿದ ಉಣ್ಣೆಯಿಂದ ನೇಯ್ದ ಬಟ್ಟೆ ಎಷ್ಟು ಸವೆದರೂ ಒಳಗಿನಿಂದ ಬಿಳುಪು ಇಣುಕುತ್ತಿರಲಿಲ್ಲ. ಬಣ್ಣ ಕೊಡುತ್ತಿದ್ದದ್ದು ವೋಡ್ ಎಂಬ, ಸಾಸಿವೆಯ ಕುಲಕ್ಕೆ ಸೇರಿದ ಗಿಡ. ಅದರ ಎಲೆಯಲ್ಲಿರುವ ವರ್ಣದ್ರವ್ಯವೂ ಉತ್ತರ ಕರ್ನಾಟಕದ ನೀಲಗಾರರು ಬಳಸುತ್ತಿದ್ದ ಭಾರತದ ನೀಲಿ ಗಿಡದ ವರ್ಣದ್ರವ್ಯವೂ ಒಂದೇ, ಭಾರತದ ಗಿಡದಲ್ಲಿ ಅದರ ಪ್ರಮಾಣ ಹೆಚ್ಚು ಎಂಬುದಷ್ಟೇ ವ್ಯತ್ಯಾಸ. ವೋಡಿನ ಎಲೆಗಳನ್ನು ಅರೆದು, ಮುಷ್ಟಿಗಾತ್ರದ ಉಂಡೆ ಕಟ್ಟಿ ಒಣಗಿಸಿ, ಮತ್ತೆ ಪುಡಿಮಾಡಿ ನೀರು ಚಿಮುಕಿಸಿ ವಾರಗಟ್ಟಲೆ ಕೊಳೆಸಬೇಕಾಗಿತ್ತು. ಆಗ ಏಳುತ್ತಿದ್ದ ದುರ್ನಾತ ಎಷ್ಟಿತ್ತೆಂದರೆ, 1585ರಲ್ಲಿ ಒಂದನೆಯ ಎಲಿಜಬೆತ್ ರಾಣಿ ತನ್ನ ಅರಮನೆಗಳ ಮತ್ತು ಸಂತೆ ಪಟ್ಟಣಗಳ ಸುತ್ತ ಇಷ್ಟು ಮೈಲಿಯೊಳಗೆ ವೋಡ್ ಬೆಳೆಯಕೂಡದೆಂದು ಆಜ್ಞೆ ಹೊರಡಿಸಿದಳು. ಒಳ್ಳೆಯ ವೋಡ್ ಫ್ರಾನ್ಸಿನ ತುಲೂಸ್ ಸೀಮೆಯಿಂದ ಹಡಗಿನಲ್ಲಿ ಬರುತ್ತಿತ್ತು. ಬಣ್ಣಗಾರನು ಅದನ್ನು ಮರದ ಬೂದಿಯ ನೀರು, ತೌಡುಗಳ ಜೊತೆ ಬೆಚ್ಚಗಿನ ಬಾನಿಯಲ್ಲಿ ಹುದುಗು ಹಾಕಿ, ದಿನಗಟ್ಟಲೆ ಮೂಸಿ, ಮುಟ್ಟಿ, ಮೇಲಿನ ನೊರೆ ನೋಡಿ ಹದ ಕಂಡುಕೊಳ್ಳುತ್ತಿದ್ದನು. ಬಾನಿಯೊಳಗೆ ಅದ್ದಿದ ಉಣ್ಣೆಯನ್ನು ಮೇಲಕ್ಕೆತ್ತಿದಾಗ ಅದಕ್ಕೆ ನೀಲಿಯಿರುತ್ತಿರಲಿಲ್ಲ; ಹಳದಿಬೆರೆತ ಹಸಿರಿನಲ್ಲಿ ಹೊರಬಂದ ಉಣ್ಣೆ ಗಾಳಿ ತಾಗಿದಂತೆ ನೋಡುನೋಡುತ್ತಲೇ ಹಸಿರಾಗಿ, ಹಸಿರಿನಿಂದ ನೀಲಿಯಾಗಿ ತಿರುಗುತ್ತಿತ್ತು. ತೊಳೆಯುವ, ಬಣ್ಣ ಕಟ್ಟುವ ಈ ಎಲ್ಲ ಕೆಲಸಕ್ಕೆ ನೀರು ಒದಗಿಸಿದ ಊರಿನ ಚಿಕ್ಕ ತೊರೆಯನ್ನು 1500ರ ಸುಮಾರಿಗೆ ಇಟ್ಟಿಗೆಯ ಕಮಾನುಗಾಲುವೆಯಲ್ಲಿ ಮುಚ್ಚಿ ಮೇಲೆ ಮನೆಗಳನ್ನು ಕಟ್ಟಿದರು. ಅದರಿಂದ ವಾಟರ್ ಸ್ಟ್ರೀಟ್ ಎಂದು ಹೆಸರಾದ ಬೀದಿಯ ಕೆಳಗೆ ಆ ಕಾಲುವೆ ಇಂದಿಗೂ ಇದೆ.

ಈ ಇಡೀ ಸರಣಿಯನ್ನು ಒಂದು ಕೈಯಲ್ಲಿ ಹಿಡಿದಿದ್ದವನು ಕ್ಲೋದಿಯರ್, ಅಂದರೆ ಬಟ್ಟೆ ಸಾಹುಕಾರ. ಉಣ್ಣೆ ಕೊಳ್ಳುವವನು ಅವನು, ಅದಕ್ಕೆ ಬಣ್ಣ ಹಾಕಿಸಿ ಸುತ್ತಲಿನ ಹಳ್ಳಿಗಳ ಮನೆಮನೆಗೆ ಹಿಂಜಲು ನೂಲಲು ಹಂಚುವವನು ಅವನು, ನೂಲನ್ನು ನೇಕಾರನಿಗೂ ಬಟ್ಟೆಯನ್ನು ಕುಟ್ಟುವವನಿಗೂ ಕತ್ತರಿಸುವವನಿಗೂ ದಾಟಿಸಿ, ಕೊನೆಗೆ ತಾನು ತಾನಾಗಿ ಮಾರಿ ಲಾಭ ಎಣಿಸುವವನೂ ಅವನೇ. ಸರಕು ಮೊದಲಿನಿಂದ ಕೊನೆಯವರೆಗೆ ಸಾಹುಕಾರನದಾಗಿಯೇ ಉಳಿದು, ಉಳಿದವರೆಲ್ಲ ಅದರ ಮೇಲೆ ಕೂಲಿಗೆ ಕೈಯಾಡಿಸುವವರಾಗಿದ್ದರು. ಒಂದು ಮಗ್ಗಕ್ಕೆ ನೂಲು ಸಾಲದಂತಾಗದಿರಲು ಹಲವು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಕದಿರು ತಿರುಗಿಸಬೇಕಾಗಿತ್ತು. ಮದುವೆಯಾಗದ ಹೆಂಗಸಿಗೆ ಇಂಗ್ಲಿಷಿನಲ್ಲಿ ಬಹುಕಾಲ ಇದ್ದ 'ಸ್ಪಿನ್‌ಸ್ಟರ್' ಎಂಬ ಹೆಸರಿನ ಮೂಲಾರ್ಥ ನೂಲುವವಳು ಎಂದೇ. ಅವರ ಕೂಲಿ ಹೇಗಿತ್ತೆಂಬುದಕ್ಕೆ ನಾಲ್ಕನೆಯ ಎಡ್ವರ್ಡನ ಕಾಲದ, 1464–65ರ ಶಾಸನವೊಂದು ಸಾಕ್ಷಿ ಹೇಳುತ್ತದೆ: ಕೂಲಿಯನ್ನು ಗುಂಡುಸೂಜಿ, ಸೊಂಟಪಟ್ಟಿಯಂಥ ಕೆಲಸಕ್ಕೆ ಬಾರದ ಸರಕಿನ ರೂಪದಲ್ಲಿ ಕೊಡಕೂಡದು, ನಾಣ್ಯದಲ್ಲೇ ಕೊಡಬೇಕು ಎಂದು ಅದು ವಿಧಿಸಿತು. ಹೀಗೆ ಬೇಡವೆಂದು ಶಾಸನ ಮಾಡಬೇಕಾದರೆ ಆ ವಂಚನೆ ಎಷ್ಟು ರೂಢಿಯಲ್ಲಿದ್ದಿರಬೇಕೆಂದು ಊಹಿಸಬಹುದು. ಲ್ಯಾವೆನಮ್ಮಿನ ವೈಭವವನ್ನು ಹೊಗಳುವ ಪುಸ್ತಕಗಳಲ್ಲಿ ಈ ನೂಲುವ ಹೆಂಗಸರಿಗೆ ಸಿಗುವ ಜಾಗ ತೀರ ಕಡಿಮೆ. ಅವರು ವಾಸವಾಗಿದ್ದ ಮಣ್ಣಿನ ಗುಡಿಸಲುಗಳು ಉಳಿಯಲಿಲ್ಲ, ಉಳಿದದ್ದು ಅವರ ನೂಲಿನಿಂದ ಎದ್ದ ಸಾಹುಕಾರರ ಮನೆಗಳು.

ಸಾಹುಕಾರರಲ್ಲಿ ಮೊದಲ ಹೆಸರು ಸ್ಪ್ರಿಂಗ್ ಮನೆತನದ್ದು. ಮೂರು ತಲೆಮಾರು ಥಾಮಸ್ ಎಂಬ ಒಂದೇ ಹೆಸರಿನ ಹಿರಿಯರು ಬಟ್ಟೆ ವ್ಯಾಪಾರ ನಡೆಸಿ, ಅವರಲ್ಲಿ ಮೂರನೆಯವನು 1523ರಲ್ಲಿ ತೀರಿಕೊಂಡಾಗ ಸರದಾರರಲ್ಲದ ಪ್ರಜೆಗಳಲ್ಲಿ ದೇಶದಲ್ಲೇ ಎದ್ದುಕಾಣುವ ಶ್ರೀಮಂತನಾಗಿದ್ದನು. ಮರುವರ್ಷದ ತೆರಿಗೆಯಲ್ಲಿ ಲ್ಯಾವೆನಮ್ ಕೊಟ್ಟ ಮೊತ್ತದ ಬಹುದೊಡ್ಡ ಪಾಲು ಅವನ ವಿಧವೆ ಮತ್ತು ಮಗಳ ಲೆಕ್ಕದಿಂದಲೇ ಬಂದಿತು. ಆದುದರಿಂದ ಹದಿನಾಲ್ಕನೆಯ ಸ್ಥಾನ ಎಂಬ ಮಾತನ್ನು ಎಚ್ಚರದಿಂದ ಓದಬೇಕು: ಅದು ಊರಿನ ಎಲ್ಲರ ಸುಖದ ಅಳತೆಯಲ್ಲ, ಕೆಲವೇ ಮನೆಗಳಲ್ಲಿ ಗುಡ್ಡೆಬಿದ್ದ ಹಣದ ಅಳತೆ.

ಆ ಹಣದ ಒಂದು ಪಾಲು ಊರಿನ ತಲೆಯ ಮೇಲೆ ನಿಂತಿದೆ. ಸಂತ ಪೀಟರ್ ಮತ್ತು ಸಂತ ಪಾಲ್ ಚರ್ಚಿನ ಹಳೆಯ ಕಟ್ಟಡವನ್ನು 1485ರಿಂದ 1525ರ ನಡುವೆ ಬಹುಮಟ್ಟಿಗೆ ಹೊಸದಾಗಿ ಕಟ್ಟಲಾಯಿತು. 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರನ ಮುಂಚೂಣಿಯ ಪಡೆಯನ್ನು ನಡೆಸಿ ಗೆಲ್ಲಿಸಿದ ಜಾನ್ ಡಿ ವಿಯರ್, ಆಕ್ಸ್‌ಫರ್ಡಿನ ಹದಿಮೂರನೆಯ ಅರ್ಲ್, ಕಳೆದುಕೊಂಡಿದ್ದ ಆಸ್ತಿಯನ್ನೆಲ್ಲ ಮರಳಿ ಪಡೆದ ಸಂತೋಷಕ್ಕೆ ಕಟ್ಟಡದಲ್ಲಿ ಕೈಜೋಡಿಸಿದನು; ಸಾಹುಕಾರರು ಅವನಿಗೆ ಹೆಗಲೆಣೆಯಾಗಿ ನಿಂತರು. ಥಾಮಸ್ ಸ್ಪ್ರಿಂಗ್ ತನ್ನ ಉಯಿಲಿನಲ್ಲಿ ಗೋಪುರಕ್ಕೆಂದು 200 ಪೌಂಡ್ ಬಿಟ್ಟನು. 141 ಅಡಿ ಎತ್ತರದ ಆ ಗೋಪುರವನ್ನು ಬುಡದಿಂದ ನೋಡುತ್ತ ಹೋದರೆ ಡಿ ವಿಯರ್ ಮನೆತನದ ಐದು ಮೊನೆಯ ನಕ್ಷತ್ರವೂ ಬಟ್ಟೆ ವ್ಯಾಪಾರಿಯ ಮಾಲಿನ ಗುರುತೂ ಒಂದೇ ಕಲ್ಲುಗೆಲಸದಲ್ಲಿ ಕಾಣುತ್ತವೆ; ತುದಿಯ ಕೈಪಿಡಿ ಗೋಡೆಯ ಸುತ್ತಲೂ ಸ್ಪ್ರಿಂಗ್ ಮನೆತನ ಹೊಸದಾಗಿ ಪಡೆದ ಲಾಂಛನ ಮತ್ತೆ ಮತ್ತೆ ಕೆತ್ತಲ್ಪಟ್ಟಿದೆ. ಕತ್ತಿಯಿಂದ ಬಂದ ಒಡೆತನದ ಚಿಹ್ನೆಗಿಂತ ಮೇಲೆ, ಮಗ್ಗದಿಂದ ಬಂದ ಸಿರಿಯ ಚಿಹ್ನೆ ಏರಿ ಕುಳಿತ ದಾಖಲೆ ಈ ಗೋಪುರ.

ಗೋಪುರದ ಕೆಲಸ ಮುಗಿಯುವ ಹೊತ್ತಿಗೇ ಊರು ಸಿಡಿದೆದ್ದಿತು. 1525ರಲ್ಲಿ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗಲು ಬಯಸಿದ ಎಂಟನೆಯ ಹೆನ್ರಿಗಾಗಿ ಅವನ ಮಂತ್ರಿ ಕಾರ್ಡಿನಲ್ ವೂಲ್ಸಿ ಸಂಸತ್ತಿನ ಒಪ್ಪಿಗೆಯಿಲ್ಲದೆ 'ಪ್ರೀತಿಯ ಕಾಣಿಕೆ' ಎಂಬ ಹೆಸರಿನಲ್ಲಿ ಜನರ ಸ್ವತ್ತಿನ ಆರನೆಯ ಒಂದು ಪಾಲನ್ನು ಕೇಳಿದನು. ಹಿಂದಿನ ತೆರಿಗೆಯ ಪೆಟ್ಟಿನಿಂದಲೇ ಕೈಯಲ್ಲಿ ಕಾಸಿಲ್ಲದಿದ್ದ ಸಾಹುಕಾರರು, ಇದನ್ನು ಕೊಟ್ಟರೆ ಕೆಲಸದವರಿಗೆ ಕೂಲಿ ಕೊಡಲಾಗದೆಂದು ಹೇಳಿ ನೇಕಾರರನ್ನೂ ನೂಲುವವರನ್ನೂ ಕೆಲಸದಿಂದ ಬಿಡಿಸಿದರು. ಮೇ ತಿಂಗಳಲ್ಲಿ ಲ್ಯಾವೆನಮ್, ಸಡ್‌ಬರಿ, ಹ್ಯಾಡ್ಲಿ ಮತ್ತು ಸುತ್ತಲಿನ ಹಳ್ಳಿಗಳ ಸುಮಾರು ನಾಲ್ಕು ಸಾವಿರ ಮಂದಿ ಲ್ಯಾವೆನಮ್ಮಿನಲ್ಲಿ ಸೇರಿದರೆಂದು ಆ ಕಾಲದ ಚರಿತ್ರೆಗಾರ ಎಡ್ವರ್ಡ್ ಹಾಲ್ ಬರೆಯುತ್ತಾನೆ. ಚರ್ಚಿನ ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಏಳಬೇಕೆಂದು ಗೊತ್ತುಮಾಡಿದ್ದರೂ, ಶ್ರೀಮಂತನೊಬ್ಬ ಮೊದಲೇ ಗಂಟೆಗಳ ನಾಲಗೆಗಳನ್ನು ಕಳಚಿಸಿ ಇಟ್ಟಿದ್ದರಿಂದ ಕರೆ ಹೊರಡಲೇ ಇಲ್ಲವೆಂಬ ಕಥೆ ಊರಿನಲ್ಲಿ ಉಳಿದುಬಂದಿದೆ. ದಂಡು ತಂದಿದ್ದ ನಾರ್ಫೋಕಿನ ಡ್ಯೂಕ್ ನಿಮ್ಮ ನಾಯಕ ಯಾರೆಂದು ಕೇಳಿದಾಗ ಜಾನ್ ಗ್ರೀನ್ ಎಂಬ ಐವತ್ತರ ಹಿರಿಯನು ಮುಂದೆ ಬಂದು, ತಮ್ಮ ನಾಯಕನ ಹೆಸರು ಬಡತನವೆಂದೂ, ಅವನೂ ಅವನ ದಾಯಾದಿಯಾದ ಗತಿಗೇಡೂ ಸೇರಿ ತಮ್ಮನ್ನು ಇಲ್ಲಿಗೆ ಎಳೆತಂದಿವೆಯೆಂದೂ ಉತ್ತರಿಸಿ, ಸಾಹುಕಾರರು ಕೆಲಸ ಕೊಡದಿದ್ದರೆ ತಮ್ಮಂಥವರ ಬದುಕು ಹೇಗೆ ನಡೆಯಬೇಕೆಂದು ವಿವರಿಸಿದನು. ಮುಂದಾಳುಗಳು ಅಂಗಿಯಷ್ಟನ್ನೇ ತೊಟ್ಟು, ಕೊರಳಿಗೆ ನೇಣುಹಗ್ಗ ಹಾಕಿಕೊಂಡು ಶರಣಾದರು. ಆದರೆ ಗೆದ್ದದ್ದು ಅವರೇ. ದೊರೆ ಕಾಣಿಕೆಯನ್ನು ಕೈಬಿಟ್ಟನು, ಹಿಡಿದು ತಂದವರಿಗೆ ಕ್ಷಮೆ ದೊರೆಯಿತು. ದೇಶದ ದೊರೆಯೊಬ್ಬನ ಯುದ್ಧದ ಯೋಜನೆಯನ್ನು ಕೆಲಸ ಕಳೆದುಕೊಂಡ ನೇಕಾರರು ನಿಲ್ಲಿಸಿದ ಈ ಘಟನೆಯೇ ಲ್ಯಾವೆನಮ್ಮಿನ ಇತಿಹಾಸದ ಅತಿ ದೊಡ್ಡ ದಿನವೆನ್ನಬೇಕು.

ಇದಾದ ನಾಲ್ಕೈದು ವರ್ಷಗಳಲ್ಲಿ ಸಂತೆಯ ಬಯಲಿನ ಅಂಚಿನಲ್ಲಿ ಗಿಲ್ಡ್‌ಹಾಲ್ ಎದ್ದಿತು. ಗಿಲ್ಡ್ ಎಂದೊಡನೆ ಕಸುಬಿನ ಸಂಘವೆಂಬ ಅರ್ಥ ಹೊಳೆಯುವುದಾದರೂ, ಕಾರ್ಪಸ್ ಕ್ರಿಸ್ಟಿ ಎಂಬ ಈ ಗಿಲ್ಡ್ ಧಾರ್ಮಿಕ ಬಂಧುಕೂಟವಾಗಿತ್ತು: ಊರಿನ ಅನುಕೂಲಸ್ಥರು ಸೇರಿ ಸತ್ತ ಸದಸ್ಯರಿಗಾಗಿ ಪ್ರಾರ್ಥನೆ ಮಾಡಿಸುವುದು, ಹಬ್ಬದ ಮೆರವಣಿಗೆ ಹೊರಡಿಸುವುದು, ಜೊತೆಗೆ ಕುಳಿತು ಔತಣ ಮಾಡುವುದು ಅದರ ಕೆಲಸ. ಆ ಕಟ್ಟಡವೂ ಅದರ ಸುತ್ತಲಿನ ಮನೆಗಳೂ ಓಕ್ ಮರದವು. ಬಡಗಿಗಳು ಮರವನ್ನು ಒಣಗಲು ಬಿಡದೆ ಹಸಿಯಾಗಿರುವಾಗಲೇ ಕೊಯ್ದು, ಚೌಕಟ್ಟನ್ನು ನೆಲದ ಮೇಲೆ ಒಮ್ಮೆ ಜೋಡಿಸಿ ನೋಡಿ, ಪ್ರತಿ ಕೀಲಿಗೂ ಉಳಿಯಿಂದ ರೋಮನ್ ಅಂಕಿಯ ಗುರುತು ಕೆತ್ತಿ, ಬಿಚ್ಚಿ, ಜಾಗಕ್ಕೆ ಒಯ್ದು, ಅಂಕಿಗೆ ಅಂಕಿ ಕೂಡಿಸಿ ಮರದ ಬೆಣೆ ಹೊಡೆದು ನಿಲ್ಲಿಸುತ್ತಿದ್ದರು. ಹಲವು ಮನೆಗಳ ಕಂಬತೊಲೆಗಳಲ್ಲಿ ಆ ಗುರುತುಗಳನ್ನು ಈಗಲೂ ಬೆರಳಿನಿಂದ ಮುಟ್ಟಿ ಓದಬಹುದು. ಕಂಬಗಳ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿದರು. ಮನೆ ನಿಲ್ಲಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದು, ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿದ್ದು ಎರಡೂ ಸಾಹುಕಾರನ ಅಂತಸ್ತಿನ ಪ್ರದರ್ಶನ. ಹಸಿ ಓಕ್ ಗೋಡೆಯಲ್ಲಿ ನಿಂತು ಒಣಗುತ್ತ ತಿರುಚಿಕೊಂಡಿದ್ದರಿಂದ ಈ ಮನೆಗಳು ಒಂದರ ಕಡೆಗೊಂದು ವಾಲಿವೆ. ಮರಕ್ಕೆ ಕಪ್ಪು ಬಳಿಯುವುದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಅಭಿರುಚಿ. ಲ್ಯಾವೆನಮ್ ಬಹಳ ಕಡೆ ಅದಕ್ಕೆ ಮಣಿಯದೆ ಓಕಿನ ಬೂದುಬೆಳ್ಳಿಯ ಬಣ್ಣವನ್ನು ಹಾಗೆಯೇ ಉಳಿಸಿಕೊಂಡಿದೆ.

ಗಿಲ್ಡ್‌ಹಾಲ್ ತನ್ನ ಮೂಲ ಉದ್ದೇಶಕ್ಕೆ ಇಪ್ಪತ್ತು ವರ್ಷವೂ ದುಡಿಯಲಿಲ್ಲ. ಧರ್ಮಸುಧಾರಣೆಯ ಅಲೆಯಲ್ಲಿ 1547ರ ಶಾಸನದಿಂದ ಇಂಥ ಬಂಧುಕೂಟಗಳು ರದ್ದಾದವು. ವ್ಯಾಪಾರವೂ ಜಾರತೊಡಗಿತ್ತು. ಭಾರವಾದ ಅಗಲಪನ್ನದ ಬಟ್ಟೆಗೆ ದೊಡ್ಡ ಪೇಟೆಯಾಗಿದ್ದ ಆಂಟ್ವರ್ಪಿನಲ್ಲಿ ಹದಿನಾರನೆಯ ಶತಮಾನದ ನಡುವಿನಲ್ಲಿ ಕೊಳ್ಳುವವರು ಕಡಿಮೆಯಾದರು. ಸ್ಪೇನಿನ ದೊರೆಯ ಧಾರ್ಮಿಕ ಹಿಂಸೆಗೆ ಬೆದರಿ ನೆದರ್ಲೆಂಡ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ನೇಕಾರರು 1560ರ ದಶಕದಿಂದ ನಾರ್ವಿಚ್, ಕೋಲ್ಚೆಸ್ಟರ್ ಪಟ್ಟಣಗಳಲ್ಲಿ ನೆಲೆಸಿ, ಹಗುರವಾದ, ಅಗ್ಗವಾದ, ಬಣ್ಣಬಣ್ಣದ ಹೊಸ ಬಗೆಯ ಬಟ್ಟೆಗಳನ್ನು ನೇಯ್ದರು. ಬೆಚ್ಚಗಿನ ದೇಶಗಳ ಗಿರಾಕಿಗೂ ಅದು ಒಗ್ಗಿತು, ಬಡವನ ಕೈಗೂ ಎಟುಕಿತು; ತಲೆಮಾರುಗಟ್ಟಲೆ ಬಾಳುವ ಲ್ಯಾವೆನಮ್ಮಿನ ನೀಲಿಗೆ ಬೇಡಿಕೆ ಇಲ್ಲವಾಯಿತು. ಹೊಸ ದಾರಿ ಹಿಡಿಯಲು ಬೇಕಾದ ಬಂಡವಾಳವೂ ಊರಿನಲ್ಲಿ ಉಳಿದಿರಲಿಲ್ಲ: ಸ್ಪ್ರಿಂಗ್ ಮನೆತನ ಬಟ್ಟೆಯ ಹಣದಿಂದ ಹತ್ತಾರು ಮ್ಯಾನರುಗಳನ್ನು ಕೊಂಡು, ಮೂರನೆಯ ಥಾಮಸನ ನಂತರದ ತಲೆಮಾರುಗಳಲ್ಲಿ ಪೇಕನಮ್ ಎಂಬಲ್ಲಿ ಭೂಮಾಲೀಕರಾಗಿ ನೆಲೆಸಿಬಿಟ್ಟಿತು. ಮಗ್ಗದ ಸಿರಿ ಮಗ್ಗಕ್ಕೆ ಮರಳದೆ ಜಮೀನಿಗೆ ಇಳಿದದ್ದು ಊರಿನ ಕುಸಿತಕ್ಕೆ ಹೊರಗಿನ ಪೈಪೋಟಿಯಷ್ಟೇ ದೊಡ್ಡ ಕಾರಣವೆಂದು ತೋರುತ್ತದೆ.

ಆಮೇಲಿನ ಕಾಲ ದೀರ್ಘವಾದದ್ದು, ಹೇಳಲು ಕಡಿಮೆಯಿರುವಂಥದ್ದು. ಊರು ಬೇರೆ ಪಟ್ಟಣಗಳಿಗಾಗಿ ನೂಲು ನೂಲಿ ಹೊಟ್ಟೆ ಹೊರೆಯಿತು. ಗಿಲ್ಡ್‌ಹಾಲ್ ಸೆರೆಮನೆಯಾಯಿತು, ಹದಿನೆಂಟನೆಯ ಶತಮಾನದ ಕೊನೆಗೆ ಬಡವರ ದುಡಿಮೆಮನೆಯಾಯಿತು. ದುಡಿಮೆಮನೆ ಎಂದರೆ ಗತಿಯಿಲ್ಲದವರನ್ನೂ ಅನಾಥ ಮಕ್ಕಳನ್ನೂ ಕೂಡಿಹಾಕಿ, ಕೂಳಿಗೆ ಪ್ರತಿಯಾಗಿ ಕೆಲಸ ಮಾಡಿಸುವ ಸಂಸ್ಥೆ. ಸಾಹುಕಾರರ ಔತಣಕ್ಕೆಂದು ಕಟ್ಟಿದ ಹಜಾರದಲ್ಲಿ ಊರಿನ ಮಕ್ಕಳು ಹೀಗೆ ಉಣ್ಣೆ ನೂಲಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆ ಬಾಲದ ಕೂದಲಿನಿಂದ ಕುರ್ಚಿಗಳ ಹೊದಿಕೆ ನೇಯುವುದು, ತೆಂಗಿನ ನಾರಿನಿಂದ ಚಾಪೆ ನೇಯುವುದು ನೆಲೆಯೂರಿದವು. 1865ರಲ್ಲಿ ರೈಲು ಬಂದಿತು. 1860ರ ದಶಕ ಮುಗಿಯುವ ಮುನ್ನ ಜೇಮ್ಸ್ ಡಂಕನ್ ಎಂಬ ಉದ್ಯಮಿ ಇಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯನ್ನು ತೆರೆದನು, ಬ್ರಿಟನ್ನಿನಲ್ಲಿ ಆ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದಾದ ಅದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಹೊಸ ಇಟ್ಟಿಗೆ ಮನೆ ಕಟ್ಟಲು ಯಾರಲ್ಲೂ ಹಣವಿಲ್ಲದಿದ್ದುದರಿಂದ ಓಕಿನ ಮನೆಗಳನ್ನೇ ಎರಡಾಗಿ ಮೂರಾಗಿ ಪಾಲುಮಾಡಿ, ಸೋರಿದ ಕಡೆ ಗಾರೆ ಮೆತ್ತಿ, ಜನ ಬಾಳಿದರು. ಕರ್ನಾಟಕದ ಇಂಗ್ಲಿಷ್ ಶಾಲೆಗಳ ಶಿಶುವಿಹಾರದಲ್ಲಿಯೂ ಮಕ್ಕಳು ಹಾಡುವ, ನಕ್ಷತ್ರವನ್ನು ಕುರಿತ ಪದ್ಯವನ್ನು ಬರೆದ ಜೇನ್ ಟೇಲರ್ ತನ್ನ ಬಾಲ್ಯವನ್ನು ಕಳೆದದ್ದು ಇಲ್ಲಿಯ ಶಿಲಿಂಗ್ ಸ್ಟ್ರೀಟಿನ ಮನೆಯಲ್ಲಿ. ಆ ಪದ್ಯ ಅಚ್ಚಾದದ್ದು 1806ರಲ್ಲಿ.

ಬಡತನ ಉಳಿಸಿದ್ದನ್ನು ಹಣ ಕೀಳಲು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಹಳೆಯ ಮರದ ಕೆಲಸಕ್ಕೆ ಸಿರಿವಂತರಲ್ಲಿ ಬೆಲೆ ಬಂದಾಗ ಹದಿನೈದನೆಯ ಶತಮಾನದ ಉಲ್ ಹಾಲ್, ಅಂದರೆ ಉಣ್ಣೆಯ ಹಜಾರ, ಮಾರಾಟವಾಗಿ, ಬಿಚ್ಚಲ್ಪಟ್ಟು, ರಾಣಿ ವಿಕ್ಟೋರಿಯಾಳ ಮಗಳು ಲೂಯಿಸಳಿಗಾಗಿ ಬೇರೆ ಊರಿನಲ್ಲಿ ನಿಲ್ಲಿಸಲೆಂದು ಸಾಗಿತು. ಊರಿನ ಚರ್ಚಿನ ಪಾದ್ರಿಯೂ ಪುರಾತನ ಕಟ್ಟಡಗಳ ಬಗ್ಗೆ ಕಾಳಜಿಯುಳ್ಳವರೂ ಪ್ರತಿಭಟಿಸಿದ ಮೇಲೆ ತೊಲೆಕಂಬಗಳೆಲ್ಲ ಹಿಂದಿರುಗಿ ಬಂದು, ಹಜಾರ ಮೊದಲಿನ ಜಾಗದಲ್ಲೇ ಮತ್ತೆ ನಿಂತಿತು; ಅದನ್ನು ಕಟ್ಟಿದ ಬಡಗಿಗಳು ಕೆತ್ತಿದ್ದಂಥ ಅಂಕಿಗಳ ಉಪಯೋಗ ನಾಲ್ಕು ಶತಮಾನಗಳ ಬಳಿಕ ಹೀಗೆ ಇನ್ನೊಮ್ಮೆ ಕಂಡಿತು. ಎರಡನೆಯ ಮಹಾಯುದ್ಧದಲ್ಲಿ ಊರಿನ ಹೊರಗಿನ ಹೊಲಗಳಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ನೆಲೆ ಸಿದ್ಧವಾಯಿತು. 1944–45ರಲ್ಲಿ ಅಲ್ಲಿದ್ದ ವೈಮಾನಿಕರು ಸ್ವಾನ್ ಹೋಟೆಲಿನ ಮದ್ಯದಂಗಡಿಯ ಗೋಡೆಯ ಮೇಲೆ ಬರೆದ ಹೆಸರುಗಳನ್ನು ಗಾಜು ಹಾಕಿ ಕಾಪಾಡಿಕೊಂಡು ಬರಲಾಗಿದೆ. 1951ರಲ್ಲಿ ಗಿಲ್ಡ್‌ಹಾಲ್ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಕೈಸೇರಿತು. 1960ರ ದಶಕದಲ್ಲಿ ರೈಲು ನಿಂತಿತು, ಅದೇ ದಶಕದಲ್ಲಿ ಬೀದಿಗಳ ತಂತಿಕಂಬಗಳನ್ನು ಕಿತ್ತು ತಂತಿಗಳನ್ನೆಲ್ಲ ನೆಲದಡಿಗೆ ಇಳಿಸಿದರು, ಸಂತೆಯ ಬಯಲು ಚಲನಚಿತ್ರಗಳವರ ಕಣ್ಣಿಗೆ ಬಿತ್ತು.

ಇಂದು ಊರಿಗೆ ಬರುವ ಹಣ ಪ್ರವಾಸಿಗಳದು. ಮಂಗಳವಾರದ ಹಳೆಯ ಸಂತೆ ಎಂದೋ ನಿಂತುಹೋಗಿದ್ದು, ತಿಂಗಳಿಗೊಮ್ಮೆ ರೈತರ ಸಂತೆ ಕೂಡುತ್ತದೆ. ಸುತ್ತಲಿನ ಹೊಲಗಳವರು ತರಕಾರಿ, ರೊಟ್ಟಿ, ಮಾಂಸ ತಂದು ಮಾರುತ್ತಾರೆ. ನೂಲುವವರ ಮೊಮ್ಮಕ್ಕಳು ಒಂದು ಕಾಲಕ್ಕೆ ಪಾಲುಮಾಡಿಕೊಂಡು ಬಾಳಿದ ಮನೆಗಳನ್ನು ಕೊಳ್ಳುವುದು ಈಗ ಊರಿನಲ್ಲಿ ದುಡಿದು ತಿನ್ನುವವರಿಗೆ ಸುಲಭವಲ್ಲ. ಗಿಲ್ಡ್‌ಹಾಲಿನ ಹಿಂದಿನ ಅಂಗಳದಲ್ಲಿ ನ್ಯಾಷನಲ್ ಟ್ರಸ್ಟಿನವರು ಬಣ್ಣದ ಗಿಡಗಳ ಪಾತಿಗಳನ್ನು ಮಾಡಿದ್ದಾರೆ. ಅಲ್ಲಿಯ ವೋಡ್ ಮೊದಲ ವರ್ಷ ನೆಲಕ್ಕೆ ಒತ್ತಿದ ಎಲೆಗಳಲ್ಲೇ ಕಳೆದು, ಎರಡನೆಯ ವರ್ಷದ ಬೇಸಿಗೆಯ ಮೊದಲಿನಲ್ಲಿ ಸಾಸಿವೆಯ ಹೊಲದಂತೆ ಹಳದಿ ಹೂ ಬಿಡುತ್ತದೆ. ನೀಲಿ ಇರುವುದು ಮೊದಲ ವರ್ಷದ ಆ ಹಸಿರೆಲೆಗಳಲ್ಲಿ.